ಅರಮನೆಯ ಮೈದಾನದಲ್ಲಿ ಒಂದು ರಾತ್ರಿ

ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಹಳ್ಳಿಯ ಮಕ್ಕಳಿಗೆ ರಾಮಶಬ್ದವನ್ನೂ ಅಮರಕೋಶವನ್ನೂ ಹೇಳಿಕೊಟ್ಟು, ಈಗ ವಿಶ್ರಾಂತರಾಗಿ ಮನೆಯ ಜಗುಲಿಯಲ್ಲಿ ಕುಳಿತಿರುವ ಉಪಾಧ್ಯಾಯರೊಬ್ಬರು ಪಾಶ್ಚಾತ್ಯರ ರಾಕ್ ಸಂಗೀತದ ವಿಷಯವಾಗಿ ಬರೆಯಹೊರಟರೆ ವಾಚಕ ಮಹಾಶಯರು ನಗದೆ ಇರಲಾರರು. ನಗಲಿ, ನಮಗೆ ಬೇಸರವಿಲ್ಲ. ಆದರೆ ಪ್ರಾಯಕ್ಕೆ ಬಂದ ಮಕ್ಕಳಿರುವ ಗೃಹಸ್ಥರು ಈ ವೃತ್ತಾಂತವನ್ನು ಕಡೆಯವರೆಗೂ ಓದಬೇಕೆಂದು ನಮ್ಮ ಪ್ರಾರ್ಥನೆ. ಇದರಲ್ಲಿ ಸಂಗೀತದ ಮಾತು ಎಷ್ಟಿರುವುದೋ ನಮ್ಮ ತಪ್ಪಿನ ಮಾತೂ ಅಷ್ಟೇ ಇರುವುದು.

ನಮ್ಮ ಮನೆ ಇರುವುದು ಸಕಲೇಶಪುರಕ್ಕೂ ಆಲೂರಿಗೂ ನಡುವಣ ಗುಡ್ಡಗಳಲ್ಲಿ. ಸುತ್ತಲೂ ಕಾಫಿಯ ತೋಟ, ತಗ್ಗಿನಲ್ಲಿ ಗದ್ದೆ, ಆಚೆಗೆ ಹೇಮಾವತಿ. ಮಳೆಗಾಲದಲ್ಲಿ ಇಲ್ಲಿನ ಜಡಿಮಳೆ ಹೇಗಿರುವುದೆಂಬುದನ್ನು ಬಯಲುಸೀಮೆಯವರಿಗೆ ಬಾಯಲ್ಲಿ ಹೇಳಿ ತಿಳಿಸುವುದು ಕಷ್ಟ. ಆಷಾಢದಲ್ಲಿ ಒಗೆದ ಪಂಚೆ ಒಲೆಯ ಬಿಸಿಯಲ್ಲಲ್ಲದೆ ಒಣಗದು. ಚರ್ಮದ ಪಾದರಕ್ಷೆಗೆ ನಾಲ್ಕು ದಿನಗಳಲ್ಲಿ ಹಸುರು ಬೂಷ್ಟು ಬರುವುದು. ಪುಸ್ತಕದ ಹಾಳೆಗಳು ಒಂದಕ್ಕೊಂದು ಅಂಟಿಕೊಳ್ಳುವುವು. ಇದನ್ನೆಲ್ಲ ಹುಟ್ಟಿದಂದಿನಿಂದ ಬಲ್ಲ ನಾವೇ ಆ ಅವಿವೇಕವನ್ನು ಮಾಡಿದೆವೆಂಬುದು ಈಗಲೂ ನಮಗೆ ನಾಚಿಕೆಯ ಸಂಗತಿ.

ನಡೆದುದು ಇಷ್ಟು. 2011ರಲ್ಲಿ ನಮ್ಮ ಮಗನಿಗೆ ಹದಿನೇಳು ವರ್ಷ. ಕಾಲೇಜಿನ ಮೊದಲನೆಯ ವರ್ಷದ ಪರೀಕ್ಷೆಯಲ್ಲಿ ಅವನಿಗೆ ಬಂದ ಅಂಕಗಳು ನಮ್ಮ ನಿರೀಕ್ಷೆಗಿಂತ ಬಹಳ ಕೆಳಗಿದ್ದುವು. ಅವನ ಸೋದರಮಾವ ಕೊಡಿಸಿದ್ದ ಗಿಟಾರೊಂದು ಮನೆಯಲ್ಲಿದ್ದಿತು. ಹುಡುಗನು ಸಂಜೆಯ ವೇಳೆಯಲ್ಲಿ ಕೊಟ್ಟಿಗೆಯ ಬದಿಯ ಕೋಣೆಯಲ್ಲಿ ಅದನ್ನು ಮೀಟುತ್ತ ಕುಳಿತಿರುತ್ತಿದ್ದನು. ಅಂಕಪಟ್ಟಿ ಕೈಗೆ ಬಂದ ದಿನವೇ ನಾವು ಒಂದು ಮಾತನ್ನೂ ಆಡದೆ ಆ ವಾದ್ಯವನ್ನು ಅಟ್ಟಕ್ಕೇರಿಸಿ ಬಾಗಿಲಿಗೆ ಬೀಗ ಹಾಕಿದೆವು. “ಪರೀಕ್ಷೆ ಮುಗಿಯಲಿ, ಕೊಡೋಣ” ಎಂದು ಮನೆಯವರಿಗೆ ಹೇಳಿದೆವು. ಹುಡುಗನಿಗೆ ಅದನ್ನೂ ಹೇಳಲಿಲ್ಲ. ಆಗ ಜೂನ್ ತಿಂಗಳು.

ಮಹಾನವಮಿ ಬಂದಿತು. ಸರಸ್ವತಿಯ ಮುಂದೆ ಪುಸ್ತಕಗಳನ್ನು ಜೋಡಿಸುತ್ತಿದ್ದಾಗ ಹುಡುಗನು ಹತ್ತಿರ ಬಂದು, “ಅಪ್ಪಾ, ವೀಣೆಯಿದ್ದವರು ವೀಣೆ ಇಡುತ್ತಾರೆ. ನನ್ನದನ್ನೂ ಇವತ್ತೊಂದು ದಿನ ಇಡಬಹುದೇ?” ಎಂದು ಕೇಳಿದನು. ಮಾತು ನ್ಯಾಯವಾಗಿದ್ದಿತು, ನಾವೇ ಅಟ್ಟ ಹತ್ತಿ ಇಳಿಸಿದೆವು. ಚೀಲವನ್ನು ಬಿಚ್ಚಿದರೆ ವಾದ್ಯದ ಮೈಯೆಲ್ಲ ಬೂಷ್ಟು. ತಂತಿಗಳು ತುಕ್ಕು ಹಿಡಿದಿದ್ದುವು. ಕತ್ತು ಬಾಗಿ, ಬೆನ್ನ ಹಲಗೆ ಅಂಟು ಬಿಟ್ಟು ಬಾಯ್ದೆರೆದಿದ್ದಿತು. ಹುಡುಗನು ಅಳಲಿಲ್ಲ, ಕೋಪಿಸಿಕೊಳ್ಳಲಿಲ್ಲ. ಒಂದು ಹಳೆಯ ಬಟ್ಟೆಯನ್ನು ತಂದು ಅದನ್ನು ಒರಸಿ, ಪುಸ್ತಕಗಳ ಪಕ್ಕದಲ್ಲಿಟ್ಟು, ಕುಂಕುಮವಿಟ್ಟು ಹೊರಗೆ ಹೋದನು. ಅಂದಿನಿಂದ ನಮ್ಮೊಡನೆ ಅವನ ಮಾತು ನಿಂತಿತು. ಕೇಳಿದುದಕ್ಕೆ “ಹೂಂ” ಅಥವಾ “ಇಲ್ಲ” ಎಂಬಷ್ಟೇ ಉತ್ತರ. ಮನೆಯೊಳಗಣ ಮೌನವು ಎಂತಹ ಭಾರವೆಂಬುದನ್ನು ಅನುಭವಿಸಿದವರೇ ಬಲ್ಲರು.

ಆ ಸಮಯಕ್ಕೆ ಅಕ್ಟೋಬರ್ 30ನೆಯ ತಾರೀಖು ಭಾನುವಾರ ಬೆಂಗಳೂರಿನ ಅರಮನೆಯ ಮೈದಾನದಲ್ಲಿ ಮೆಟಾಲಿಕ ಎಂಬ ಅಮೆರಿಕಾದ ಮೇಳದವರ ಕಛೇರಿ ನಡೆಯುವುದೆಂದು ಗೊತ್ತಾಯಿತು. ಸೋದರಮಾವನು ಅಳಿಯನಿಗಾಗಿ ಒಂದು ಟಿಕೆಟ್ಟನ್ನು ತೆಗೆದಿರಿಸಿದ್ದನು. ಈ ಮೇಳವು ಹುಟ್ಟಿದುದು 1981ರಲ್ಲಿ, ಲಾಸ್ ಏಂಜಲೀಸ್ ನಗರದಲ್ಲಿ. ಅದನ್ನು ಕಟ್ಟಿದವರು ಇಬ್ಬರು: ಹಾಡುಗಾರ ಜೇಮ್ಸ್ ಹೆಟ್‌ಫೀಲ್ಡ್, ಡೆನ್ಮಾರ್ಕಿನಲ್ಲಿ ಹುಟ್ಟಿದ ಮದ್ದಳೆಗಾರ ಲಾರ್ಸ್ ಉಲ್ರಿಕ್. ಈ ಉಲ್ರಿಕನ ತಂದೆ ಹೆಸರಾಂತ ಟೆನಿಸ್ ಆಟಗಾರನಾಗಿದ್ದನಂತೆ. ಮಗನಾದರೋ ದಾಂಡನ್ನು ಬಿಟ್ಟು ಕೋಲುಗಳನ್ನು ಹಿಡಿದನು. 1986ರಲ್ಲಿ ಸ್ವೀಡನ್ ದೇಶದಲ್ಲಿ ಇವರ ಬಸ್ಸು ಮಗುಚಿ ಮೇಳದ ಕ್ಲಿಫ್ ಬರ್ಟನ್ ಎಂಬ ತರುಣನು ತೀರಿಕೊಂಡನು. ಉಳಿದವರು ಎದೆಗುಂದದೆ ಮುಂದುವರಿದರು. ಬೆಂಗಳೂರಿಗೆ ಇಂತಹ ಮೇಳಗಳು ಹೊಸವೂ ಅಲ್ಲ. ಇದೇ ಮೈದಾನದಲ್ಲಿ 2003ರ ಏಪ್ರಿಲಿನಲ್ಲಿ ರೋಲಿಂಗ್ ಸ್ಟೋನ್ಸ್ ಎಂಬವರೂ, 2007ರ ಮಾರ್ಚಿ 17ರಂದು ಐರನ್ ಮೇಡನ್ ಎಂಬವರೂ ಹಾಡಿ ಹೋಗಿದ್ದರು. ಮೆಟಾಲಿಕದವರು ಭಾರತಕ್ಕೆ ಬಂದುದು ಮಾತ್ರ ಅದೇ ಮೊದಲು.

ದೀಪಾವಳಿಯ ಮರುದಿನಗಳಲ್ಲಿ ಇನ್ನೊಂದು ಸುದ್ದಿ ಬಂದಿತು. ಶುಕ್ರವಾರ 28ರಂದು ದೆಹಲಿಯ ಬಳಿಯ ಗುರಗಾಂವದಲ್ಲಿ ನಡೆಯಬೇಕಾಗಿದ್ದ ಇವರ ಕಛೇರಿಯು ಕಡೆಯ ಗಳಿಗೆಯಲ್ಲಿ ನಿಂತುಹೋಗಿ, ಕಾದು ಬೇಸತ್ತ ಜನರು ರೊಚ್ಚಿಗೆದ್ದು ವೇದಿಕೆಗೆ ನುಗ್ಗಿ ಸಾಮಗ್ರಿಗಳನ್ನು ಒಡೆದುಹಾಕಿದರೆಂದು ಪತ್ರಿಕೆಗಳಲ್ಲಿ ಬಂದಿತು. ಇದನ್ನು ಓದಿದಾಗ ನಮಗೆ ಭರತಮುನಿಯ ನಾಟ್ಯಶಾಸ್ತ್ರದ ಮೊದಲನೆಯ ಅಧ್ಯಾಯವು ನೆನಪಿಗೆ ಬಂದಿತು. ಲೋಕದ ಮೊತ್ತಮೊದಲನೆಯ ಪ್ರಯೋಗವೇ ವಿಘ್ನರ ಹಾವಳಿಯಿಂದ ಕೆಟ್ಟಿತೆಂದೂ, ನಟರ ಮಾತು, ಚಲನೆ, ನೆನಪುಗಳೇ ಸ್ತಂಭಿಸಿದುವೆಂದೂ, ಇಂದ್ರನು ತನ್ನ ಧ್ವಜದಂಡದಿಂದ ಆ ವಿಘ್ನರನ್ನು ಬಡಿದನೆಂದೂ, ಬಳಿಕವೇ ರಕ್ಷಣೆಯುಳ್ಳ ನಾಟ್ಯಗೃಹವು ನಿರ್ಮಾಣವಾಯಿತೆಂದೂ ಅಲ್ಲಿ ಕಥೆಯಿರುವುದು. ನೋಡಿರಿ, ನಾಟ್ಯವೂ ನಾಟ್ಯಕ್ಕೆ ಬರುವ ದೊಂಬಿಯೂ ಒಟ್ಟಿಗೇ ಹುಟ್ಟಿದಂತೆ ಕಾಣುತ್ತದೆ.

ಮನೆಯವರು ಆ ಪತ್ರಿಕೆಯನ್ನು ನಮ್ಮ ಮುಂದಿಟ್ಟು, “ಹೋಗಬೇಡ ಎಂದು ನೀವು ಹೇಳಿದರೆ ಅವನು ಹೋಗುವುದಿಲ್ಲ. ಆದರೆ ಇನ್ನು ಯಾವತ್ತೂ ನಿಮ್ಮನ್ನು ಏನನ್ನೂ ಕೇಳುವುದೂ ಇಲ್ಲ. ನೀವೇ ಜೊತೆಗೆ ಹೋಗಿಬನ್ನಿ” ಎಂದರು. ಇಪ್ಪತ್ತು ವರ್ಷಗಳ ಸಂಸಾರದಲ್ಲಿ ಅವರು ನಮಗೆ ಆಜ್ಞೆ ಮಾಡಿದ ಸಂದರ್ಭಗಳು ಬಹಳ ಕಡಮೆ. ನಾವು ಹೊರಟೆವು. ನಮಗೂ ಒಂದು ಟಿಕೆಟ್ಟನ್ನು ಭಾವಮೈದುನನ ಮೂಲಕವೇ ಸಂಪಾದಿಸಿದ್ದಾಯಿತು.

ಭಾನುವಾರ ಮುಂಜಾನೆಯ ಬಸ್ಸು. ಆಲೂರು, ಹಾಸನ ದಾಟಿದರೂ ಹುಡುಗನು ಕಿಟಕಿಯ ಹೊರಗೇ ನೋಡುತ್ತಿದ್ದನು. ಚನ್ನರಾಯಪಟ್ಟಣವನ್ನು ಬಿಟ್ಟ ಮೇಲೆ ನಾವು ಉಪಾಧ್ಯಾಯರ ಹಳೆಯ ಅಭ್ಯಾಸದಂತೆ, “ಇವರು ಹಾಡುವುದರಲ್ಲಿ ಅರ್ಥವೆಂಬುದು ಇದೆಯೇ? ಯಾವುದಾದರೂ ಒಂದರ ತಾತ್ಪರ್ಯ ಹೇಳು, ಕೇಳೋಣ” ಎಂದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು ಹುಡುಗನು ಹೇಳಿದನು. ‘ವನ್’, ಎಂದರೆ ‘ಒಂದು’ ಎಂಬ ಹೆಸರಿನ ಹಾಡು. ಒಬ್ಬ ಸಿಪಾಯಿ. ಯುದ್ಧದಲ್ಲಿ ಗುಂಡು ಸಿಡಿದು ಅವನ ಕೈಕಾಲುಗಳು ಹೋದುವು. ಕಣ್ಣು, ಕಿವಿ, ನಾಲಗೆಗಳೂ ಹೋದುವು. ಜೀವ ಮತ್ತು ಬುದ್ಧಿ ಮಾತ್ರ ಉಳಿದುವು. ಡಾಲ್ಟನ್ ಟ್ರಂಬೋ ಎಂಬ ಅಮೆರಿಕನ್ ಲೇಖಕನು 1939ರಲ್ಲಿ ಪ್ರಕಟಿಸಿದ ಒಂದು ಕಾದಂಬರಿಯ ನಾಯಕನ ದುರ್ಗತಿಯೇ ಈ ಹಾಡಿಗೆ ಆಧಾರ. ಇಷ್ಟು ಹೇಳಿ ಹುಡುಗನು, “ಅವನ ಕಷ್ಟ ಏನು ಗೊತ್ತೇ ಅಪ್ಪಾ? ಒಳಗೆ ಎಲ್ಲವೂ ಇದೆ. ಹೊರಗೆ ಹೇಳುವುದಕ್ಕೆ ದಾರಿ ಇಲ್ಲ” ಎಂದು ಮತ್ತೆ ಕಿಟಕಿಯತ್ತ ತಿರುಗಿದನು. ಇಪ್ಪತ್ತೈದು ದಿನಗಳಲ್ಲಿ ಅವನು ನಮ್ಮೊಡನೆ ಆಡಿದ ಅತಿ ದೀರ್ಘವಾದ ಮಾತು ಅದು. ನಾವು ಉತ್ತರ ಕೊಡಲಿಲ್ಲ. ಕೊಡುವುದಕ್ಕೆ ನಮ್ಮಲ್ಲಿ ಏನೂ ಇರಲಿಲ್ಲ.

ಅರಮನೆಯ ಮೈದಾನದ ವಿಷಯವಾಗಿ ಒಂದು ಮಾತನ್ನು ಹೇಳದಿದ್ದರೆ ನಮ್ಮ ವೃತ್ತಿಗೆ ದ್ರೋಹವಾದೀತು. ಈಗಿನ ಅರಮನೆಯ ಮೂಲಕಟ್ಟಡವನ್ನು ಕಟ್ಟಿಸಿದವರು ರಾಜರಲ್ಲ. ಬೆಂಗಳೂರಿನ ಸೆಂಟ್ರಲ್ ಹೈಸ್ಕೂಲಿನ ಮೊದಲನೆಯ ಪ್ರಿನ್ಸಿಪಾಲರಾಗಿದ್ದ ರೆವರೆಂಡ್ ಗ್ಯಾರೆಟ್ ಎಂಬ ಪಾದ್ರಿಗಳು. ಬಾಲಕರಾಗಿದ್ದ ಚಾಮರಾಜೇಂದ್ರ ಒಡೆಯರವರಿಗಾಗಿ 1873ರಲ್ಲಿ ಅದನ್ನು ಕೊಂಡುಕೊಂಡರು. ಭಗವದ್ಗೀತೆಯನ್ನು ಸಂಸ್ಕೃತ, ಕನ್ನಡ, ಇಂಗ್ಲಿಷುಗಳಲ್ಲಿ ಒಟ್ಟಿಗೆ ಸಂಪಾದಿಸಿ 1849ರಲ್ಲಿ ಬೆಂಗಳೂರಿನಲ್ಲಿ ಅಚ್ಚು ಹಾಕಿಸಿದವರೂ ಇದೇ ಗ್ಯಾರೆಟ್ಟರು. ಒಬ್ಬ ಶಾಲೆಯ ಉಪಾಧ್ಯಾಯರ ಹಿತ್ತಿಲಿಗೆ ಇನ್ನೊಬ್ಬ ಉಪಾಧ್ಯಾಯರು ಬಂದೆವೆಂದು ಧೈರ್ಯ ತಂದುಕೊಂಡು ಒಳಹೊಕ್ಕೆವು.

ಒಳಗಣ ದೃಶ್ಯವನ್ನು ಏನೆಂದು ವರ್ಣಿಸೋಣ! ಕಣ್ಣು ಹಾಯುವಷ್ಟು ದೂರವೂ ಕರಿಯ ಅಂಗಿಯ ತರುಣರು. ಹಲವರಿಗೆ ಬೆನ್ನಿನವರೆಗೆ ಜಟೆ. ಬಂಗಾಳಿ, ಮಲಯಾಳ, ಹಿಂದಿ, ತಮಿಳು ಎಲ್ಲವೂ ಕಿವಿಗೆ ಬೀಳುತ್ತಿದ್ದುವು. ಪಂಚೆಯುಟ್ಟು ಶಲ್ಯ ಹೊದ್ದಿದ್ದವರು ನಮಗೆ ಕಂಡಮಟ್ಟಿಗೆ ನಾವೊಬ್ಬರೇ. ಮೊದಲು ಬೇರೆ ಮೇಳಗಳು ಹಾಡಿದುವು. ಕತ್ತಲಾದ ಮೇಲೆ ಮುಖ್ಯ ಮೇಳದವರು ಬಂದರು. ಮೊದಲನೆಯ ಪೆಟ್ಟು ಬಿದ್ದಾಗ ಅದು ಕಿವಿಗೆ ಕೇಳಿಸಿತೆನ್ನುವುದಕ್ಕಿಂತ ಎದೆಯ ಗೂಡಿಗೆ ತಾಗಿತೆನ್ನುವುದೇ ಸರಿ. ನಮ್ಮ ಬಾಲ್ಯದಲ್ಲಿ ಶಿರಾಡಿಯ ಘಟ್ಟವನ್ನೇರಿ ಬರುತ್ತಿದ್ದ ಯಕ್ಷಗಾನದ ಮೇಳದವರ ಚೆಂಡೆಗೆ ಸಮೀಪ ಕುಳಿತಾಗ ಹೀಗೆಯೇ ಎದೆ ನಡುಗುತ್ತಿದ್ದುದುಂಟು. ನಮ್ಮ ತೀರ್ಥರೂಪರಿಗೆ ಆಟವೆಂದರೆ ಆಗದು. ಅವರು ಮಲಗಿದ ಮೇಲೆ ಹಿತ್ತಿಲ ಬಾಗಿಲಿಂದ ದೊಂದಿ ಹಿಡಿದು ಓಡಿಹೋಗಿ, ಬೆಳಗಿನ ಜಾವಕ್ಕೆ ಮರಳುತ್ತಿದ್ದೆವು. ಸಿಕ್ಕಿಬಿದ್ದ ದಿನ ಬೆನ್ನಿಗೆ ಬಿದ್ದ ಏಟುಗಳನ್ನು ಮೂವತ್ತು ವರ್ಷಗಳಿಂದ ಮರೆತಿದ್ದೆವು. ಆ ಮೈದಾನದಲ್ಲಿ ನೆನಪಾದುವು.

ಭರತಮುನಿಯು ಮನುಷ್ಯರ ನಾಟ್ಯಗೃಹಕ್ಕೆ 64 ಹಸ್ತ ಉದ್ದ, 32 ಹಸ್ತ ಅಗಲವನ್ನು ವಿಧಿಸಿರುವನು. ನಮ್ಮ ಲೆಕ್ಕದಲ್ಲಿ ಸುಮಾರು 96 ಅಡಿ ಮತ್ತು 48 ಅಡಿ. ಇದಕ್ಕಿಂತ ದೊಡ್ಡದಾದರೆ ಮಾತು ಅಸ್ಪಷ್ಟವಾಗುವುದು, ಮುಖಭಾವವು ಕಾಣದೆ ಹೋಗುವುದು ಎಂಬುದು ಅವನು ಕೊಡುವ ಕಾರಣ. ಈ ಎರಡು ತೊಡಕುಗಳಿಗೂ ಇಂದಿನವರು ಪರಿಹಾರ ಕಂಡುಹಿಡಿದಿರುವರು. ಗಿಟಾರಿನ ಉಕ್ಕಿನ ತಂತಿಯ ಕೆಳಗೆ ತಾಮ್ರದ ತಂತಿ ಸುತ್ತಿದ ಅಯಸ್ಕಾಂತವಿರುವುದು. ತಂತಿಯ ಕಂಪನವು ಅಲ್ಲಿ ಅಲ್ಪವಾದ ವಿದ್ಯುತ್ತಾಗಿ ಮಾರ್ಪಟ್ಟು, ಯಂತ್ರದಲ್ಲಿ ಸಾವಿರ ಮಡಿ ಬೆಳೆದು ಧ್ವನಿವರ್ಧಕಗಳ ಮೂಲಕ ಹೊರಬೀಳುವುದು. ಮುಖವನ್ನು ದೊಡ್ಡ ಪರದೆಗಳಲ್ಲಿ ತೋರಿಸುವರು. ಆದರೂ ಪ್ರಕೃತಿಯ ನಿಯಮವೊಂದು ಉಳಿದೇ ಇರುವುದು. ಪರದೆಯಲ್ಲಿ ಮದ್ದಳೆಗಾರನ ಕೋಲು ಬಿದ್ದು ಸ್ವಲ್ಪ ತಡೆದು ಶಬ್ದವು ಬರುತ್ತಿದ್ದಿತು. ಹೇಮಾವತಿಯ ಆಚೆಯ ದಡದಲ್ಲಿ ಮಡಿವಾಳನು ಬಟ್ಟೆಯನ್ನು ಕಲ್ಲಿಗೆ ಬಡಿದಾಗ ನಾವೆಲ್ಲರೂ ಕಂಡಿರುವಂತೆಯೇ ಇದು. ಶಬ್ದವು ಸೆಕೆಂಡಿಗೆ ಸುಮಾರು 340 ಮೀಟರ್ ಮಾತ್ರ ನಡೆಯುವುದರಿಂದ, ನೂರು ಮೀಟರ್ ದೂರಕ್ಕೆ ಬರಲು ಹೆಚ್ಚುಕಡಮೆ ಸೆಕೆಂಡಿನ ಹತ್ತರಲ್ಲಿ ಮೂರು ಪಾಲು ಬೇಕು. ದೊಡ್ಡ ಬಯಲುಗಳಲ್ಲಿ ಹಿಂದುಗಡೆಯೂ ಧ್ವನಿವರ್ಧಕಗಳನ್ನಿಟ್ಟಾಗ, ಈ ಲೆಕ್ಕವನ್ನು ನೋಡಿ ಅವುಗಳ ಶಬ್ದವನ್ನು ಬೇಕೆಂದೇ ತಡಮಾಡಿ ಬಿಡುವರು. ಇಲ್ಲವಾದರೆ ಒಂದೇ ಪೆಟ್ಟು ಎರಡಾಗಿ ಕೇಳಿಸುವುದು.

ಹಾಡುಗಳು ಮುಂದುವರಿದಂತೆ ಹುಡುಗನು ಮುಂದೆ ಸರಿಯುತ್ತ ಹೋದನು. ಅವನನ್ನು ಕಣ್ಣಿನಿಂದ ತಪ್ಪಿಸಬಾರದೆಂದು ನಾವೂ ಹಿಂದೆ ಹೋದೆವು. ಅದು ನಮ್ಮ ಅವಿವೇಕ. ಒಂದು ಹಾಡಿಗೆ ಜನವೆಲ್ಲ ಎಗರಲಾರಂಭಿಸಿ, ಅಲೆಯು ದೋಣಿಯನ್ನು ಎತ್ತುವಂತೆ ನಮ್ಮನ್ನು ಎತ್ತಿತು. ಶಲ್ಯವು ಹೋಯಿತು, ಕನ್ನಡಕವು ಜಾರಿ ಬಿದ್ದಿತು, ನಾವೂ ಮೊಣಕಾಲೂರಿ ಬಿದ್ದೆವು. ಇಲ್ಲಿಗೆ ಮುಗಿಯಿತೆಂದು ಎಣಿಸುವಷ್ಟರಲ್ಲಿ ನಾಲ್ಕಾರು ಕೈಗಳು ನಮ್ಮ ಕಂಕುಳಿಗೆ ಬಂದುವು. ಮುಂಜಾನೆ ಊರಿನ ಬೀದಿಯಲ್ಲಿ ಕಂಡಿದ್ದರೆ ನಾವು ದಾರಿ ಬಿಟ್ಟು ನಡೆಯುತ್ತಿದ್ದಂತಹ ಜಟಾಧಾರಿಗಳು ನಮ್ಮನ್ನು ಎತ್ತಿ ನಿಲ್ಲಿಸಿ, ತೋಳಿಗೆ ತೋಳು ಹೆಣೆದು ಸುತ್ತ ಬೇಲಿಯಂತೆ ನಿಂತರು. ಒಬ್ಬನು ಬಗ್ಗಿ ಕನ್ನಡಕವನ್ನು ಹುಡುಕಿ, ತನ್ನ ಅಂಗಿಯಿಂದಲೇ ಒರಸಿ, “ತಗೊಳ್ಳಿ ಸಾರ್, ಒಡೆದಿಲ್ಲ” ಎಂದನು. ಬಿದ್ದವರನ್ನು ಕೂಡಲೇ ಎತ್ತಬೇಕೆಂಬುದು ಈ ರಸಿಕರೊಳಗೆ ಬರೆಯದ ಕಟ್ಟಳೆಯೆಂದು ಆಮೇಲೆ ಮಗನಿಂದ ತಿಳಿಯಿತು. ಅವನೂ ಅಷ್ಟರಲ್ಲಿ ಜನವನ್ನು ಸೀಳಿಕೊಂಡು ಬಂದು ನಮ್ಮ ಕೈಯನ್ನು ಹಿಡಿದಿದ್ದನು. ಆ ಕೈಯನ್ನು ರಾತ್ರಿ ಮುಗಿಯುವವರೆಗೆ ಬಿಡಲಿಲ್ಲ.

ಆ ಮೇಲೆ ಬಂದಿತು ಸಿಪಾಯಿಯ ಹಾಡು. ಗುಂಡುಗಳ ಸದ್ದಿನಿಂದ ಆರಂಭವಾಗಿ, ಮೊದಲು ಮೆಲ್ಲನೆ, ಬಹು ಮೆಲ್ಲನೆ ನಡೆದು, ಕಡೆಯಲ್ಲಿ ಮದ್ದಳೆಯೂ ತಂತಿಯೂ ಮಶೀನ್‌ಗನ್ನಿನಂತೆ ಒಂದೇ ಸಮನೆ ಬಡಿಯುವ ಹಾಡು ಅದು. ಈ ಸಂಗೀತವೆಲ್ಲ ಬರಿಯ ರೌದ್ರವೆಂದು ನಾವು ತಿಳಿದಿದ್ದೆವು. ಆ ರೌದ್ರದ ಹೊಟ್ಟೆಯೊಳಗೆ ಕರುಣವಿದ್ದಿತು. ಮಾತು ಬಾರದ ಜೀವವೊಂದು ತಲೆಯನ್ನು ಗೋಡೆಗೆ ಬಡಿದುಕೊಂಡರೆ ಹೀಗಲ್ಲದೆ ಇನ್ನು ಹೇಗೆ ಕೇಳಿಸೀತು? ಪಕ್ಕಕ್ಕೆ ತಿರುಗಿ ನೋಡಿದೆವು. ಬೆಳಕಿನ ಮಿಂಚಿನಲ್ಲಿ ಹುಡುಗನ ಕೆನ್ನೆಗಳು ಒದ್ದೆಯಾಗಿದ್ದುವು. ಒಡೆದ ಗಿಟಾರಿಗೆ ಕುಂಕುಮವಿಟ್ಟಾಗಲೂ ಅಳದಿದ್ದ ಹುಡುಗ. ಬಸ್ಸಿನಲ್ಲಿ ಅವನು ಹೇಳಿದುದು ಸಿಪಾಯಿಯ ಮಾತು ಮಾತ್ರವೇ ಆಗಿರಲಿಲ್ಲವೆಂದು ನಮಗೆ ಆಗ ಹೊಳೆಯಿತು.

ನಾಟ್ಯಶಾಸ್ತ್ರದಲ್ಲಿ ಸಿದ್ಧಿಯೆಂಬ ಪ್ರಕರಣವೊಂದಿರುವುದು. ಪ್ರಯೋಗವು ಸಫಲವಾಯಿತೆಂಬುದನ್ನು ಪ್ರೇಕ್ಷಕರ ಲಕ್ಷಣಗಳಿಂದಲೇ ಅಳೆಯಬೇಕೆಂದು ಭರತನ ಮತ. ನಗೆ, ಸಾಧುಕಾರ, ಅಯ್ಯೋ ಎಂಬ ಉದ್ಗಾರ, ರೋಮಾಂಚ, ಎದ್ದು ನಿಲ್ಲುವುದು, ಉಟ್ಟ ವಸ್ತ್ರವನ್ನೇ ಎಸೆಯುವುದು ಇವೆಲ್ಲವೂ ಆ ಪಟ್ಟಿಯಲ್ಲಿರುವುವು. ನಾವು ಮೂರು ದಶಕ ಪಾಠ ಹೇಳಿದ್ದರೂ ಆ ಪಟ್ಟಿಯಲ್ಲಿರುವುದನ್ನೆಲ್ಲ ಒಂದೇ ಸ್ಥಳದಲ್ಲಿ ಕಣ್ಣಾರೆ ಕಂಡುದು ಆ ರಾತ್ರಿಯೇ. ವಸ್ತ್ರದಾನಕ್ಕೆ ನಮ್ಮ ಶಲ್ಯವೂ ಸೇರಿತೆನ್ನಬೇಕು.

ಕಛೇರಿ ಮುಗಿದ ಮೇಲೆ ವಾಹನ ಸಿಕ್ಕದೆ ಮೇಖ್ರಿ ಸರ್ಕಲ್ಲಿನ ಕಡೆಗೆ ಇಬ್ಬರೂ ನಡೆದೆವು. ಒಂದು ದೀಪದ ಕಂಬದ ಕೆಳಗೆ ನಿಂತು ನಾವು ಹೇಳಿದೆವು: “ಮಗು, ಗಿಟಾರನ್ನು ಅಟ್ಟಕ್ಕೆ ಹಾಕಿದ್ದು ನಮ್ಮ ತಪ್ಪು. ನಿನಗೆ ಒಂದು ಮಾತೂ ಹೇಳದೆ ಹಾಕಿದ್ದು ಅದಕ್ಕಿಂತ ದೊಡ್ಡ ತಪ್ಪು.” ಹುಡುಗನು ಏನೋ ಹೇಳಿದನು. ನಮ್ಮ ಕಿವಿಗಳಲ್ಲಿ ಜೀರುಂಡೆಯ ಸದ್ದಲ್ಲದೆ ಬೇರೇನೂ ಕೇಳಿಸುತ್ತಿರಲಿಲ್ಲ. “ಏನೆಂದೆ?” ಎಂದೆವು. ಮತ್ತೆ ಹೇಳಿದನು, ಮತ್ತೆ ಕೇಳಿಸಲಿಲ್ಲ. ಆಗ ಅವನಿಗೆ ನಗು ಬಂದಿತು. ನಮ್ಮ ಕಿವಿಯ ಬಳಿಗೆ ಬಾಯಿ ತಂದು, “ಹಸಿವಾಗುತ್ತಿದೆ ಎಂದೆ ಅಪ್ಪಾ!” ಎಂದು ಕೂಗಿದನು. ಮೊದಲನೆಯ ಸಲ ಅವನು ಹೇಳಿದುದೂ ಅದೇ ಮಾತೋ ಅಲ್ಲವೋ ನಾವು ಈವರೆಗೂ ಕೇಳಿಲ್ಲ. ಗಾಡಿಯವನೊಬ್ಬನ ಬಳಿ ಇಬ್ಬರೂ ಇಡ್ಲಿ ತಿಂದೆವು.

ಇನ್ನು ಗೃಹಸ್ಥರಿಗೆ ಪ್ರಯೋಜನವಾಗುವ ಎರಡು ಮಾತುಗಳು. ಮೊದಲನೆಯದು ಕಿವಿಯ ವಿಷಯ. ನಮ್ಮ ಕಿವಿಯ ಮೊರೆತವು ಎರಡು ದಿನಗಳ ಮೇಲೆ ನಿಂತಿತು. ಎಲ್ಲರಿಗೂ ಹಾಗೆ ನಿಲ್ಲುವುದೆಂಬ ನಂಬಿಕೆಯಿಲ್ಲ. 85 ಡೆಸಿಬೆಲ್ ಶಬ್ದವನ್ನು ಎಂಟು ಘಂಟೆ ತಾಳಬಹುದಾದರೆ, ಪ್ರತಿ 3 ಡೆಸಿಬೆಲ್ ಏರಿದಂತೆಲ್ಲ ತಾಳುವ ಅವಧಿಯು ಅರ್ಧವಾಗುವುದು. 100 ಡೆಸಿಬೆಲ್ಲಿಗೆ ಕಾಲು ಘಂಟೆ ಮಾತ್ರ. ವಿಶ್ವ ಆರೋಗ್ಯ ಸಂಸ್ಥೆಯು 2022ರಲ್ಲಿ ಇಂತಹ ಸ್ಥಳಗಳಿಗಾಗಿ ಹೊರಡಿಸಿದ ಮಾನದಂಡದಲ್ಲಿಯೂ, ಹದಿನೈದು ನಿಮಿಷಗಳ ಸರಾಸರಿಯು 100 ಡೆಸಿಬೆಲ್ಲನ್ನು ಮೀರಬಾರದೆಂದಿರುವುದು. ಕಿವಿಗೆ ಹತ್ತಿ ತುರುಕಿದರೆ ಸಾಲದು; ಔಷಧದ ಅಂಗಡಿಯಲ್ಲಿ ದೊರೆಯುವ ಮೆತ್ತನೆಯ ಬಿರಡೆಗಳನ್ನು ಇಟ್ಟುಕೊಳ್ಳಬೇಕು; ಧ್ವನಿವರ್ಧಕದ ಬಾಯಿಗೆ ನಿಲ್ಲಬಾರದು.

ಎರಡನೆಯದು ಜನಸಂದಣಿ. 1979ರ ಡಿಸೆಂಬರ್ 3ರಂದು ಅಮೆರಿಕಾದ ಸಿನ್ಸಿನಾಟಿಯಲ್ಲಿ ‘ದ ಹೂ’ ಎಂಬ ಮೇಳದ ಕಛೇರಿಗೆ ಬಂದ ಹನ್ನೊಂದು ಮಂದಿ ಬಾಗಿಲ ಬಳಿಯ ನೂಕುನುಗ್ಗಲಿನಲ್ಲಿ ಸತ್ತರು. 2025ರ ಜೂನ್ 4ರಂದು ನಮ್ಮ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ, ಆಟದ ಗೆಲವಿನ ಸಂಭ್ರಮಕ್ಕೆ ಬಂದಿದ್ದವರಲ್ಲಿಯೂ ಹನ್ನೊಂದು ಮಂದಿಯೇ ಪ್ರಾಣ ಬಿಟ್ಟರು. ಎರಡು ಕಡೆಯೂ ಅಪಾಯವಿದ್ದುದು ಒಳಗಲ್ಲ, ಬಾಗಿಲಲ್ಲಿ. ಆದುದರಿಂದ ಬೇಗ ಹೋಗಿರಿ, ನಿಧಾನವಾಗಿ ಹೊರಡಿರಿ. ಕೈಯನ್ನು ಎತ್ತಲಾಗದಷ್ಟು ಒತ್ತಡವಾಗುವ ಮುಂಚೆಯೇ ಓರೆಯಾಗಿ ಅಂಚಿಗೆ ಸರಿಯಿರಿ. ತಪ್ಪಿದರೆ ಸೇರತಕ್ಕ ಸ್ಥಳವನ್ನು ಮೊದಲೇ ಗೊತ್ತುಮಾಡಿಕೊಳ್ಳಿರಿ.

ಹುಡುಗನು ಮರುವರ್ಷ ಪರೀಕ್ಷೆಯಲ್ಲಿ ಸಾಧಾರಣವಾಗಿ ತೇರ್ಗಡೆಯಾದನು. ಆ ಬೇಸಗೆಯಲ್ಲಿ ಹೊಸ ಗಿಟಾರೊಂದನ್ನು ಕೊಂಡುಕೊಟ್ಟೆವು. ಈಗ ಅವನು ಹಾಸನದಲ್ಲಿ ನೌಕರಿಯಲ್ಲಿದ್ದಾನೆ. ಭಾನುವಾರಗಳಲ್ಲಿ ಊರಿಗೆ ಬಂದಾಗ ಕೊಟ್ಟಿಗೆಯ ಬದಿಯ ಅದೇ ಕೋಣೆಯಲ್ಲಿ ಮೀಟುವನು. ಆ ಸಂಗೀತವು ನಮಗೆ ಪೂರ್ತಿಯಾಗಿ ರುಚಿಸುವುದೆಂದರೆ ಸುಳ್ಳಾದೀತು. ಆದರೆ ಯಾವುದು ಮುಗಿಯಿತು, ಯಾವುದು ಆರಂಭವಾಯಿತು ಎಂಬಷ್ಟು ಈಗ ತಿಳಿಯುವುದು. ಈ ಲೇಖನವನ್ನು ಬರೆಯಬಹುದೇ ಎಂದು ಅವನನ್ನು ಕೇಳಿದುದಕ್ಕೆ, “ಬೂಷ್ಟಿನ ವಿಷಯವನ್ನೂ ಬಿಡದೆ ಬರೆಯಿರಿ” ಎಂದನು. ಬರೆದಿದ್ದೇವೆ. ಮಳೆಗಾಲದಲ್ಲಿ ಅವನ ವಾದ್ಯವು ಅಡಿಗೆಮನೆಯ ಒಲೆಯ ಹಿಂದಣ ಗೋಡೆಯ ಈಚೆಗೆ, ನಮ್ಮ ಅಮರಕೋಶವಿರುವ ಕಪಾಟಿನಲ್ಲಿಯೇ ಇರುವುದು. ಮನೆಯಲ್ಲಿ ಅತ್ಯಂತ ಬೆಚ್ಚಗಿರುವ ಸ್ಥಳವು ಅದೊಂದೇ.